ಫೇರ್‌ಫ್ಯಾಕ್ಸ್ ಶಾಲೆಗಳು: ಆಡಳಿತ ಒಬ್ಬರದು, ಖಜಾನೆ ಇನ್ನೊಬ್ಬರದು

ಮಾನ್ಯರೇ,

ಸರ್ಕಾರಿ ಶಾಲೆಗಳ ಆಡಳಿತವನ್ನು ಊರಿನವರ ಕೈಗೆ ಕೊಡಬೇಕು ಎಂಬ ಚರ್ಚೆ ನಮ್ಮಲ್ಲಿ ಎದ್ದಾಗಲೆಲ್ಲ ಅಮೆರಿಕದ ಚುನಾಯಿತ ಸ್ಕೂಲ್ ಬೋರ್ಡ್‌ಗಳನ್ನು ಮಾದರಿಯಾಗಿ ತೋರಿಸುವುದುಂಟು. ಮಾದರಿ ಒಳ್ಳೆಯದೇ. ಆದರೆ ಬೋರ್ಡನ್ನು ಆರಿಸುವುದು ಬೇರೆ, ಅದರ ಕೈಗೆ ಹಣ ಬರುವುದು ಬೇರೆ ಎಂಬುದು ಈ ಚರ್ಚೆಗಳಲ್ಲಿ ಬಿಟ್ಟುಹೋಗುತ್ತದೆ. ವಾಷಿಂಗ್ಟನ್ ನಗರದ ಪಶ್ಚಿಮಕ್ಕೆ, ವರ್ಜೀನಿಯಾ ರಾಜ್ಯದಲ್ಲಿರುವ ಫೇರ್‌ಫ್ಯಾಕ್ಸ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಘಟಕ) ಶಾಲಾ ವ್ಯವಸ್ಥೆಯನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಸುಮಾರು 1.8 ಲಕ್ಷ ಮಕ್ಕಳು, ಇನ್ನೂರರ ಆಸುಪಾಸು ಶಾಲೆಗಳು, ವರ್ಷಕ್ಕೆ 370 ಕೋಟಿ ಡಾಲರ್ ದಾಟಿದ ಬಜೆಟ್. ವರ್ಜೀನಿಯಾದಲ್ಲೇ ಇದು ಅತಿ ದೊಡ್ಡದು. ಹರ್ನ್‌ಡನ್, ಶ್ಯಾಂಟಿಲಿ, ಸೆಂಟರ್‌ವಿಲ್ ಕಡೆ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಇಲ್ಲಿಯೇ ಓದುತ್ತಾರೆ. ಹಾಗಾಗಿ ಈ ಪತ್ರ ಇಲ್ಲಿನ ಪೋಷಕರಿಗೂ, ಕರ್ನಾಟಕದಲ್ಲಿ ಶಾಲಾ ಸುಧಾರಣೆಯ ಬಗ್ಗೆ ಯೋಚಿಸುವವರಿಗೂ ಸೇರಿಯೇ ಬರೆದದ್ದು.

ಫೇರ್‌ಫ್ಯಾಕ್ಸ್ ಸ್ಕೂಲ್ ಬೋರ್ಡ್‌ನಲ್ಲಿ 12 ಸದಸ್ಯರು. ಕೌಂಟಿಯ ಒಂಬತ್ತು ಕ್ಷೇತ್ರಗಳಿಂದ ಒಬ್ಬೊಬ್ಬರು, ಇಡೀ ಕೌಂಟಿಯಿಂದ ಮೂವರು. ಜೊತೆಗೆ ಮತದ ಹಕ್ಕಿಲ್ಲದ ಒಬ್ಬ ವಿದ್ಯಾರ್ಥಿ ಪ್ರತಿನಿಧಿ. ಅವಧಿ ನಾಲ್ಕು ವರ್ಷ, 12 ಸ್ಥಾನಗಳಿಗೂ ಒಟ್ಟಿಗೇ ಚುನಾವಣೆ. ಕಳೆದ ಸಲ ನಡೆದದ್ದು 2023ರ ನವೆಂಬರ್‌ನಲ್ಲಿ. ಮುಂದಿನದು 2027ರ ನವೆಂಬರ್‌ನಲ್ಲಿ. ಇದು ಬಹಳ ಹಳೆಯ ಪದ್ಧತಿಯೇನಲ್ಲ. 1992ರ ತನಕ ವರ್ಜೀನಿಯಾದಲ್ಲಿ ಸ್ಕೂಲ್ ಬೋರ್ಡ್‌ಗೆ ನೇಮಕವೇ ಇತ್ತು, ಚುನಾವಣೆಗೆ ಕಾನೂನಿನಲ್ಲಿ ಅವಕಾಶ ಇರಲಿಲ್ಲ. ಆ ವರ್ಷ ಕಾನೂನು ಬದಲಾಯಿತು. ಫೇರ್‌ಫ್ಯಾಕ್ಸ್‌ನಲ್ಲಿ ಮೊದಲ ಚುನಾವಣೆ 1995ರಲ್ಲಿ ನಡೆಯಿತು.

ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಮುಂದೆ ಪಕ್ಷದ ಹೆಸರು ಇರುವುದಿಲ್ಲ. ಆದರೆ ಎರಡೂ ಪಕ್ಷಗಳು ತಮ್ಮ ಬೆಂಬಲ ಯಾರಿಗೆಂದು ಮೊದಲೇ ಸಾರುತ್ತವೆ, ಮತಗಟ್ಟೆಯ ಹೊರಗೆ ಮಾದರಿ ಮತಪತ್ರ ಹಂಚುತ್ತವೆ, ಬಹುಪಾಲು ಮತದಾರರು ಅದನ್ನೇ ನೋಡಿ ಗುರುತು ಹಾಕುತ್ತಾರೆ. 2019ರಲ್ಲೂ 2023ರಲ್ಲೂ ಡೆಮಾಕ್ರಟಿಕ್ ಪಕ್ಷ ಬೆಂಬಲಿಸಿದ 12 ಮಂದಿಯೂ ಗೆದ್ದರು. ಅಂದರೆ ನಿಜವಾದ ಆಯ್ಕೆ ನವೆಂಬರ್‌ನಲ್ಲಿ ನಡೆಯುವುದಿಲ್ಲ. ಪಕ್ಷ ತನ್ನ ಬೆಂಬಲ ನಿರ್ಧರಿಸುವ ಹೊತ್ತಿಗೇ ಬಹುಮಟ್ಟಿಗೆ ಮುಗಿದಿರುತ್ತದೆ, ಮತ್ತು ಆ ಹಂತದಲ್ಲಿ ಭಾಗವಹಿಸುವವರು ಬಹಳ ಕಡಿಮೆ.

ಶಾಲೆಗಳ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟ್ ನೇಮಕ (2022ರ ಜುಲೈನಿಂದ ಮಿಶೆಲ್ ರೀಡ್ ಇದ್ದಾರೆ), ರಾಜ್ಯದ ಮಾನದಂಡದೊಳಗೆ ಪಠ್ಯಕ್ರಮ, ಶಾಲೆಗಳ ಗಡಿ, ಶಾಲಾ ಕ್ಯಾಲೆಂಡರ್, ವೇತನ ಶ್ರೇಣಿ, ಒಂದು ತರಗತಿಗೆ ಎಷ್ಟು ಮಕ್ಕಳು ಎಂಬ ಲೆಕ್ಕ: ಇವೆಲ್ಲ ಬೋರ್ಡ್‌ನ ಅಧಿಕಾರ. ವರ್ಜೀನಿಯಾದ ಸಂವಿಧಾನವೇ ಶಾಲೆಗಳ ಮೇಲ್ವಿಚಾರಣೆಯನ್ನು ಬೋರ್ಡ್‌ಗೆ ವಹಿಸಿದೆ. ಇಲ್ಲದಿರುವುದು ಒಂದೇ. ತೆರಿಗೆ ಹಾಕುವ ಅಧಿಕಾರ. ಟೆಕ್ಸಸ್‌ನ ಸ್ವತಂತ್ರ ಶಾಲಾ ಡಿಸ್ಟ್ರಿಕ್ಟ್‌ಗಳು ತಮ್ಮ ಆಸ್ತಿ ತೆರಿಗೆ ದರವನ್ನು ತಾವೇ ನಿಗದಿ ಮಾಡುತ್ತವೆ. ಫ್ಲಾರಿಡಾದ ಕೌಂಟಿ ಸ್ಕೂಲ್ ಬೋರ್ಡ್‌ಗಳಿಗೂ ಆ ಅಧಿಕಾರ ಇದೆ. ವರ್ಜೀನಿಯಾದಲ್ಲಿ ಯಾವ ಸ್ಕೂಲ್ ಬೋರ್ಡ್‌ಗೂ ಇಲ್ಲ.

ಹಣ ಇರುವುದು ಕೌಂಟಿಯ ಚುನಾಯಿತ ಆಡಳಿತ ಮಂಡಳಿಯಾದ ಬೋರ್ಡ್ ಆಫ್ ಸೂಪರ್‌ವೈಸರ್ಸ್ ಬಳಿ. ಅಧ್ಯಕ್ಷರು ಒಬ್ಬರು, ಅದೇ ಒಂಬತ್ತು ಕ್ಷೇತ್ರಗಳಿಂದ ಒಂಬತ್ತು ಮಂದಿ, ಒಟ್ಟು ಹತ್ತು ಜನ. ಆಸ್ತಿ ತೆರಿಗೆಯ ದರ ನಿಗದಿ ಮಾಡುವವರು ಇವರೇ. ಪೊಲೀಸ್, ಅಗ್ನಿಶಾಮಕ, ಗ್ರಂಥಾಲಯ, ಉದ್ಯಾನ ಎಲ್ಲಕ್ಕೂ ಹಣ ಹಂಚುವವರೂ ಇವರೇ. ಕೌಂಟಿಯ ಸಾಮಾನ್ಯ ನಿಧಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಪಾಲು ಶಾಲೆಗಳಿಗೆ ಹೋಗುತ್ತದೆ. ಶಾಲೆಗಳ ಕಡೆಯಿಂದ ನೋಡಿದರೆ ದೈನಂದಿನ ವೆಚ್ಚದ ನೂರು ಡಾಲರ್‌ಗಳಲ್ಲಿ ಸುಮಾರು 70 ಬರುವುದು ಇಲ್ಲಿಂದ, ಕಾಲು ಭಾಗದಷ್ಟು ರಾಜ್ಯದಿಂದ, ಉಳಿದ ಚೂರು ಫೆಡರಲ್ ಸರ್ಕಾರ ಮತ್ತು ಇತರ ಮೂಲಗಳಿಂದ.

ಇಲ್ಲೊಂದು ಕಾನೂನಿನ ಸೂಕ್ಷ್ಮವಿದೆ. ಸೂಪರ್‌ವೈಸರ್‌ಗಳು ಶಾಲೆಗಳಿಗೆ ಹಣವನ್ನು ಒಟ್ಟು ಮೊತ್ತವಾಗಿ ಕೊಡಬಹುದು, ಇಲ್ಲವೇ ಬೋಧನೆ, ಆಡಳಿತ, ಸಾರಿಗೆ, ಕಟ್ಟಡ ನಿರ್ವಹಣೆ ಮುಂತಾದ ದೊಡ್ಡ ಶೀರ್ಷಿಕೆಗಳಡಿ ಕೊಡಬಹುದು. ಅದರೊಳಗಿನ ಯಾವುದೇ ಒಂದು ಬಾಬತ್ತನ್ನು ಹೊಡೆದುಹಾಕುವಂತಿಲ್ಲ. ಹಣ ಸಾಲದೆ ಬಂದಾಗ ಎಲ್ಲಿ ಕಡಿಯಬೇಕು ಎಂಬುದನ್ನು ಸ್ಕೂಲ್ ಬೋರ್ಡ್ ನಿರ್ಧರಿಸಬೇಕು. ಹೀಗಾಗಿ ತರಗತಿಯಲ್ಲಿ ಮಕ್ಕಳ ಸಂಖ್ಯೆ ಹೆಚ್ಚಾದರೆ ಬೋರ್ಡ್ ಹೇಳುತ್ತದೆ: ಕೌಂಟಿ ಹಣ ಕೊಡಲಿಲ್ಲ. ಸೂಪರ್‌ವೈಸರ್‌ಗಳು ಹೇಳುತ್ತಾರೆ: ಕೊಟ್ಟಿದ್ದೇವೆ, ಖರ್ಚು ಮಾಡಿದವರನ್ನು ಕೇಳಿ. ಇಬ್ಬರ ಮಾತೂ ಅರ್ಧ ನಿಜ. ಹೊಣೆ ಯಾರದೆಂದು ಪೋಷಕರಿಗೆ ಕೊನೆಗೂ ತಿಳಿಯುವುದಿಲ್ಲ.

ಇದು ಪ್ರತಿ ವರ್ಷ ಒಂದೇ ಕ್ರಮದಲ್ಲಿ ನಡೆಯುತ್ತದೆ. ಜನವರಿಯಲ್ಲಿ ಸೂಪರಿಂಟೆಂಡೆಂಟ್ ಬಜೆಟ್ ಮಂಡಿಸುತ್ತಾರೆ. ಫೆಬ್ರುವರಿಯಲ್ಲಿ ಸ್ಕೂಲ್ ಬೋರ್ಡ್ ಅದನ್ನು ತಿದ್ದಿ, ಇಷ್ಟು ಬೇಕು ಎಂದು ಕೌಂಟಿಗೆ ಬೇಡಿಕೆ ಕಳಿಸುತ್ತದೆ. ಅದೇ ತಿಂಗಳು ಕೌಂಟಿಯ ಮುಖ್ಯ ಆಡಳಿತಾಧಿಕಾರಿ (ಕೌಂಟಿ ಎಕ್ಸಿಕ್ಯೂಟಿವ್) ತಮ್ಮ ಬಜೆಟ್ ಮುಂದಿಡುತ್ತಾರೆ. ಮಾರ್ಚ್‌ನಲ್ಲಿ ಸೂಪರ್‌ವೈಸರ್‌ಗಳು ಮುಂದಿನ ವರ್ಷದ ತೆರಿಗೆ ದರವನ್ನು ಜಾಹೀರು ಮಾಡುತ್ತಾರೆ. ಇಡೀ ವರ್ಷದ ಅತಿ ಮುಖ್ಯ ಹೆಜ್ಜೆ ಇದೇ, ಆದರೆ ಇದರ ಕಡೆ ನೋಡುವವರು ಕಡಿಮೆ. ಒಮ್ಮೆ ಜಾಹೀರಾದ ದರಕ್ಕಿಂತ ಕೆಳಗಿಳಿಯಬಹುದು, ಮೇಲೇರುವಂತಿಲ್ಲ. ಏಪ್ರಿಲ್‌ನ ಸಾರ್ವಜನಿಕ ವಿಚಾರಣೆಯಲ್ಲಿ ಎಷ್ಟು ಜನ ಬಂದು ಶಾಲೆಗೆ ಹಣ ಕೊಡಿ ಎಂದು ಕೇಳಿದರೂ ಆ ಮಿತಿ ಮಾರ್ಚ್‌ನಲ್ಲೇ ಬಿಗಿದಾಗಿದೆ. ಏಪ್ರಿಲ್ ಕೊನೆಗೆ ಅಂತಿಮ ತಿದ್ದುಪಡಿ, ಮೇ ಆರಂಭದಲ್ಲಿ ಕೌಂಟಿಯ ಅಂಗೀಕಾರ, ಮೇ ತಿಂಗಳಲ್ಲೇ ಸ್ಕೂಲ್ ಬೋರ್ಡ್ ತನಗೆ ಬಂದಷ್ಟರಲ್ಲಿ ಬಜೆಟ್ಟನ್ನು ಮತ್ತೆ ಕತ್ತರಿಸುತ್ತದೆ. ಹಣಕಾಸು ವರ್ಷ ಜುಲೈ 1ಕ್ಕೆ ಶುರು.

2024ರ ಜುಲೈನಲ್ಲಿ ಶುರುವಾದ ವರ್ಷಕ್ಕೆ ಶಾಲೆಗಳು ಹಿಂದಿನ ವರ್ಷಕ್ಕಿಂತ 25.4 ಕೋಟಿ ಡಾಲರ್ ಹೆಚ್ಚು ಕೇಳಿದವು, ಸಿಕ್ಕಿದ್ದು 16.5 ಕೋಟಿ. ಅದರ ಮುಂದಿನ ವರ್ಷಕ್ಕೆ ಸುಮಾರು 26.8 ಕೋಟಿ ಕೇಳಿದವು. ಸಿಕ್ಕಿದ್ದು ಸುಮಾರು 11.9 ಕೋಟಿ. ಬಜೆಟ್‌ನಲ್ಲಿ ಶೇ 85ಕ್ಕೂ ಹೆಚ್ಚು ಭಾಗ ಸಂಬಳ ಮತ್ತು ಸೌಲಭ್ಯಗಳೇ ಆಗಿರುವುದರಿಂದ ಕೊರತೆ ನೇರವಾಗಿ ತಾಗುವುದು ಶಿಕ್ಷಕರಿಗೆ. 1977ರಲ್ಲಿ ವರ್ಜೀನಿಯಾದ ಸುಪ್ರೀಂ ಕೋರ್ಟ್ ಸರ್ಕಾರಿ ನೌಕರರ ಸಾಮೂಹಿಕ ವೇತನ ಒಪ್ಪಂದಗಳನ್ನು ನಿಲ್ಲಿಸಿತ್ತು. 2021ರ ಮೇನಲ್ಲಿ ಜಾರಿಗೆ ಬಂದ ಕಾನೂನು ಮತ್ತೆ ಅವಕಾಶ ಕೊಟ್ಟಿತು. ಫೇರ್‌ಫ್ಯಾಕ್ಸ್ ಶಿಕ್ಷಕರ ಸಂಘಗಳು ಮಾತುಕತೆ ನಡೆಸಿ, ಶೇ 7ರ ಏರಿಕೆ ಇದ್ದ ಒಪ್ಪಂದಕ್ಕೆ 2025ರ ಆರಂಭದಲ್ಲಿ ಬೋರ್ಡ್‌ನಿಂದ ಒಪ್ಪಿಗೆ ಪಡೆದವು. ಆದರೆ ಅದೇ ಕಾನೂನಿನ ಪ್ರಕಾರ ಯಾವ ಒಪ್ಪಂದವೂ ಹಣ ಮಂಜೂರು ಮಾಡುವವರ ಕೈ ಕಟ್ಟುವಂತಿಲ್ಲ. ಒಪ್ಪಂದ ಮಾಡಿಕೊಂಡದ್ದು ಸ್ಕೂಲ್ ಬೋರ್ಡ್, ಹಣ ಸೂಪರ್‌ವೈಸರ್‌ಗಳದು. ಕೌಂಟಿಯಿಂದ ಕೇಳಿದಷ್ಟು ಬರದ ಕಾರಣ ಮೊದಲ ವರ್ಷವೇ ಆ ಏರಿಕೆಯನ್ನು ಇಳಿಸಬೇಕಾಯಿತು. ಪಕ್ಕದ ಲೌಡನ್, ಆರ್ಲಿಂಗ್ಟನ್ ಕೌಂಟಿಗಳು ಇದೇ ಶಿಕ್ಷಕರನ್ನು ಕರೆಯಲು ಕಾದಿರುವಾಗ ಇಂಥ ಮಾತು ತಪ್ಪುವಿಕೆಯ ಬೆಲೆ ದೊಡ್ಡದು.

ಸೂಪರ್‌ವೈಸರ್‌ಗಳನ್ನು ಖಳರೆಂದು ತೋರಿಸಲು ಈ ಮಾತು ಹೇಳುತ್ತಿಲ್ಲ. ಆಸ್ತಿ ತೆರಿಗೆ ದರವನ್ನು ಅವರು 100 ಡಾಲರ್ ಮೌಲ್ಯಕ್ಕೆ 1.095ರಿಂದ 1.125 ಡಾಲರ್‌ಗೆ ಏರಿಸಿದ್ದು 2024ರಲ್ಲೇ. 7 ಲಕ್ಷ ಡಾಲರ್ ಬೆಲೆಯ ಮನೆಗೆ ತೆರಿಗೆ 7,665ರಿಂದ 7,875ಕ್ಕೆ ಏರಿತು, ಮನೆಯ ಮೌಲ್ಯ ಹೆಚ್ಚಿದ್ದಕ್ಕೆ ಬೀಳುವುದು ಬೇರೆ. ದರದಲ್ಲಿ ಒಂದೇ ಒಂದು ಸೆಂಟ್ ಏರಿಸಿದರೆ ಕೌಂಟಿಗೆ 3 ಕೋಟಿ ಡಾಲರ್‌ಗೂ ಹೆಚ್ಚು ಬರುತ್ತದೆ, ಆ ಮನೆಯವರಿಗೆ ವರ್ಷಕ್ಕೆ 70 ಡಾಲರ್ ಹೊರೆ. ಶಾಲೆಗಳ ಕೊರತೆಯನ್ನು ಸೆಂಟ್‌ಗಳಲ್ಲಿ ಲೆಕ್ಕ ಹಾಕಿ ನೋಡಿದರೆ ಮಾತ್ರ ವಾದಕ್ಕೆ ತಳ ಸಿಗುತ್ತದೆ. 15 ಕೋಟಿ ಬೇಕೆಂದರೆ ನಾಲ್ಕೈದು ಸೆಂಟ್. ಅದನ್ನು ಕೊಡಲು ನಾವು ತಯಾರೇ ಎಂಬ ಪ್ರಶ್ನೆಗೆ ಪೋಷಕರು ನೇರ ಉತ್ತರ ಕೊಡಬೇಕು. ಕಚೇರಿ ಕಟ್ಟಡಗಳು ಖಾಲಿ ಬಿದ್ದು ಅವುಗಳ ಮೌಲ್ಯ ಕುಸಿದಿರುವುದರಿಂದ ಮನೆಗಳ ಮೇಲಿನ ಭಾರ ಇನ್ನೂ ಹೆಚ್ಚಿದೆ. ಬೇರೆ ತೆರಿಗೆಯ ದಾರಿಯೂ ಕಿರಿದು. ವರ್ಜೀನಿಯಾದ ಕೌಂಟಿಗೆ ರಾಜ್ಯ ಕೊಟ್ಟ ಅಧಿಕಾರವಷ್ಟೇ ಅಧಿಕಾರ. ಹೋಟೆಲ್ ಊಟದ ಮೇಲಿನ ತೆರಿಗೆಯನ್ನು 1992ರಲ್ಲೂ 2016ರಲ್ಲೂ ಮತದಾರರು ತಿರಸ್ಕರಿಸಿದರು. ಜನಮತ ಬೇಡವೆಂದು 2020ರಲ್ಲಿ ರಾಜ್ಯದ ಕಾನೂನು ಬದಲಾದ ಮೇಲೆ, 2026ರ ಜನವರಿ 1ರಿಂದ ಶೇ 4ರ ತೆರಿಗೆ ಬಂದಿದೆ.

ಈಗ ರಾಜ್ಯದ ಪಾಲಿನ ವಿಷಯ. ನನ್ನ ದೃಷ್ಟಿಯಲ್ಲಿ ನಿಜವಾದ ಗಂಟು ಇಲ್ಲಿದೆ. ಶಿಕ್ಷಣಕ್ಕೆ ಕನಿಷ್ಠ ಎಷ್ಟು ಸಿಬ್ಬಂದಿ, ಎಷ್ಟು ವೆಚ್ಚ ಬೇಕು ಎಂಬುದನ್ನು ವರ್ಜೀನಿಯಾ ‘ಸ್ಟ್ಯಾಂಡರ್ಡ್ಸ್ ಆಫ್ ಕ್ವಾಲಿಟಿ’ ಎಂಬ ಸೂತ್ರದಿಂದ ಲೆಕ್ಕ ಹಾಕುತ್ತದೆ. ಬಂದ ಮೊತ್ತದಲ್ಲಿ ಸ್ಥಳೀಯರ ಪಾಲು ಎಷ್ಟು ಎಂಬುದನ್ನು ‘ಲೋಕಲ್ ಕಾಂಪೊಸಿಟ್ ಇಂಡೆಕ್ಸ್’ ನಿರ್ಧರಿಸುತ್ತದೆ. ಅದರಲ್ಲಿ ಕೌಂಟಿಯ ಆಸ್ತಿ ಮೌಲ್ಯಕ್ಕೆ ಶೇ 50, ನಿವಾಸಿಗಳ ಆದಾಯಕ್ಕೆ ಶೇ 40, ಚಿಲ್ಲರೆ ಮಾರಾಟಕ್ಕೆ ಶೇ 10 ತೂಕ. ಎರಡು ವರ್ಷಕ್ಕೊಮ್ಮೆ ಹೊಸ ಲೆಕ್ಕ. ಗರಿಷ್ಠ ಮಿತಿ 0.8. ಫೇರ್‌ಫ್ಯಾಕ್ಸ್‌ನ ಅಂಕಿ 0.65ರ ಸಮೀಪ, ಎಂದರೆ ಸೂತ್ರದ 100 ಡಾಲರ್‌ನಲ್ಲಿ 65ನ್ನು ಕೌಂಟಿಯೇ ಹಾಕಬೇಕು. ರಾಜ್ಯದ ನೈಋತ್ಯ ಮೂಲೆಯ ಲೀ ಕೌಂಟಿಯಂಥ ಬಡ ಪ್ರದೇಶಕ್ಕೆ ಇದು 0.2ರ ಆಸುಪಾಸು. ಸಿರಿವಂತ ಕೌಂಟಿ ಹೆಚ್ಚು ಹೊರಬೇಕೆಂಬ ನ್ಯಾಯ ಒಪ್ಪತಕ್ಕದ್ದೇ.

ಒಪ್ಪಲಾಗದ್ದು ಎರಡು. ಒಂದು, ಈ ಸೂಚ್ಯಂಕ ಕೌಂಟಿಯ ಸಿರಿಯನ್ನು ಅಳೆಯುತ್ತದೆ, ಮಕ್ಕಳ ಬಡತನವನ್ನು ಅಳೆಯುವುದಿಲ್ಲ. ಫೇರ್‌ಫ್ಯಾಕ್ಸ್ ಅಮೆರಿಕದ ಅತಿ ಹೆಚ್ಚು ಆದಾಯದ ಕೌಂಟಿಗಳಲ್ಲೊಂದು. ಆದರೂ ಇಲ್ಲಿನ ಮೂವರು ಮಕ್ಕಳಲ್ಲಿ ಸರಿಸುಮಾರು ಒಬ್ಬರು ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರು, ಐವರಲ್ಲಿ ಒಬ್ಬರಾದರೂ ಇಂಗ್ಲಿಷನ್ನು ಇನ್ನೂ ಕಲಿಯುತ್ತಿರುವವರು. ಬಡ ಮಕ್ಕಳ ಸಂಖ್ಯೆಯನ್ನಷ್ಟೇ ತೆಗೆದುಕೊಂಡರೂ ಅದು ರಾಜ್ಯದ ಎಷ್ಟೋ ಕೌಂಟಿಗಳ ಒಟ್ಟು ವಿದ್ಯಾರ್ಥಿಗಳಿಗಿಂತ ದೊಡ್ಡದು. ಎರಡು, ಸೂತ್ರವೇ ವೆಚ್ಚವನ್ನು ಕಡಿಮೆ ತೋರಿಸುತ್ತದೆ. ರಾಜ್ಯ ಶಾಸಕಾಂಗದ್ದೇ ಆದ ಲೆಕ್ಕಪರಿಶೀಲನಾ ಸಂಸ್ಥೆ ‘ಜೆಲಾರ್ಕ್’ 2023ರ ಜುಲೈನಲ್ಲಿ ಕೊಟ್ಟ ವರದಿ ಇದನ್ನು ಬಿಡಿಸಿ ಹೇಳಿದೆ: 2021ನೇ ಹಣಕಾಸು ವರ್ಷದಲ್ಲಿ ಸೂತ್ರ ಬೇಕೆಂದದ್ದು 1,070 ಕೋಟಿ ಡಾಲರ್, ಶಾಲೆಗಳು ನಿಜವಾಗಿ ಖರ್ಚು ಮಾಡಿದ್ದು 1,730 ಕೋಟಿ. ನಡುವಿನ 660 ಕೋಟಿಯ ಬಹುಪಾಲನ್ನು ತುಂಬಿದವರು ಸ್ಥಳೀಯ ತೆರಿಗೆದಾರರು. 2009ರ ಹಿಂಜರಿತದ ಹೊತ್ತಿಗೆ ತಾತ್ಕಾಲಿಕವೆಂದು ಹಾಕಿದ ಸಹಾಯಕ ಸಿಬ್ಬಂದಿಗೆ ರಾಜ್ಯ ಕೊಡುವ ಹಣದ ಮೇಲಿನ ಮಿತಿ, ಆರ್ಥಿಕತೆ ಚೇತರಿಸಿಕೊಂಡ ಮೇಲೂ ವರ್ಷಗಟ್ಟಲೆ ಉಳಿಯಿತು. ವರ್ಜೀನಿಯಾದ ಶಾಲೆಗಳಿಗೆ ಒಬ್ಬ ವಿದ್ಯಾರ್ಥಿಗೆ ಸಿಗುವ ಹಣ ದೇಶದ ಸರಾಸರಿಗಿಂತ ಶೇ 14ರಷ್ಟು, ಸುಮಾರು 1,900 ಡಾಲರ್‌ನಷ್ಟು, ಕಡಿಮೆ ಎಂದೂ ಆ ವರದಿ ಹೇಳಿತು.

ಪಕ್ಕದ ಮೇರಿಲ್ಯಾಂಡ್‌ನಲ್ಲಿ ಒಂದು ಒಳ್ಳೆಯ ಕಾನೂನಿದೆ: ಕೌಂಟಿಯು ಹಿಂದಿನ ವರ್ಷ ಪ್ರತಿ ವಿದ್ಯಾರ್ಥಿಗೆ ಕೊಟ್ಟದ್ದಕ್ಕಿಂತ ಕಡಿಮೆ ಕೊಡುವಂತಿಲ್ಲ. ಅಲ್ಲಿಯೂ ಸ್ಕೂಲ್ ಬೋರ್ಡ್‌ಗೆ ತೆರಿಗೆ ಅಧಿಕಾರ ಇಲ್ಲ, ಆದರೆ ಕಾಲ ಕೆಳಗೆ ನೆಲವಾದರೂ ಇದೆ. ವರ್ಜೀನಿಯಾದಲ್ಲಿ ಕೌಂಟಿ ಕಡ್ಡಾಯವಾಗಿ ಕೊಡಬೇಕಾದದ್ದು ಆ ತೆಳ್ಳಗಿನ ಸೂತ್ರದ ಪಾಲಷ್ಟೇ. ಫೇರ್‌ಫ್ಯಾಕ್ಸ್ ಅದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತಿರುವುದು ಸದಿಚ್ಛೆಯಿಂದ, ಕಾನೂನಿನ ಒತ್ತಾಯದಿಂದಲ್ಲ.

ಫಲಿತಾಂಶ ಹೇಗಿದೆ ಎಂಬ ಪ್ರಶ್ನೆಗೆ ಒಂದೇ ಅಂಕಿಯಲ್ಲಿ ಉತ್ತರ ಕೊಡುವವರನ್ನು ನಂಬಬೇಡಿ. ಸಕಾಲಕ್ಕೆ ಹೈಸ್ಕೂಲ್ ಮುಗಿಸುವವರು ಶೇ 90ಕ್ಕೂ ಬಹಳ ಮೇಲೆ. ರಾಜ್ಯದ ‘ಎಸ್‌ಒಎಲ್’ ಪರೀಕ್ಷೆಗಳಲ್ಲಿ ಸರಾಸರಿ ರಾಜ್ಯಕ್ಕಿಂತ ಚೆನ್ನಾಗಿದೆ. ಅದರೊಳಗೆ ಹೊಕ್ಕು ನೋಡಿದರೆ ಹಿಸ್ಪಾನಿಕ್ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು, ವಿಶೇಷ ಶಿಕ್ಷಣದ ಮಕ್ಕಳು ಸರಾಸರಿಗಿಂತ ಬಹಳ ಹಿಂದೆ ಉಳಿದಿದ್ದಾರೆ. ಪರೀಕ್ಷೆಯ ಮಾನದಂಡದಲ್ಲೂ ತೊಡಕಿದೆ. 600ಕ್ಕೆ 400 ಬಂದರೆ ಪಾಸು. ಆದರೆ ಆ 400ರ ಹಿಂದಿನ ಮಟ್ಟ ಎಷ್ಟು? ರಾಜ್ಯಗಳ ಮಾನದಂಡಗಳನ್ನು ರಾಷ್ಟ್ರೀಯ ಪರೀಕ್ಷೆ ‘ನೇಪ್’ ಜೊತೆ ಹೋಲಿಸಿದ ಫೆಡರಲ್ ಅಧ್ಯಯನಗಳಲ್ಲಿ, ನಾಲ್ಕನೇ ತರಗತಿಯ ಓದಿಗೆ ವರ್ಜೀನಿಯಾ ಇಟ್ಟ ಪಾಸು ಮಟ್ಟ ದೇಶದಲ್ಲೇ ಕೆಳಗಿನದಾಗಿತ್ತು, ನೇಪ್‌ನ ‘ಬೇಸಿಕ್’ ಗೆರೆಗಿಂತಲೂ ಕೆಳಗೆ. ಅದೇ ನೇಪ್‌ನಲ್ಲಿ 2019ರಿಂದ 2022ರೊಳಗೆ ವರ್ಜೀನಿಯಾದ ನಾಲ್ಕನೇ ತರಗತಿ ಓದಿನ ಸರಾಸರಿ 224ರಿಂದ 214ಕ್ಕೆ ಇಳಿಯಿತು. ಮಗು ಪಾಸಾಗಿದೆ ಎಂಬ ಕಾಗದ ಮನೆಗೆ ಬಂದಿತೆಂದು ಸಮಾಧಾನ ಪಡುವ ಪೋಷಕರು ಅಂಕ 400ರಿಂದ ಎಷ್ಟು ದೂರ ಇದೆ ಎಂದೂ ನೋಡಬೇಕು.

2025ರಿಂದ ರಾಜ್ಯ ಶಾಲೆಗಳಿಗೆ ಹೊಸ ವರ್ಗೀಕರಣ ತಂದಿದೆ. ಅದರಲ್ಲಿ ಪರೀಕ್ಷೆ ದಾಟಿದವರ ಪ್ರಮಾಣಕ್ಕೆ ತೂಕ ಹೆಚ್ಚು, ಮಗು ಒಂದು ವರ್ಷದಲ್ಲಿ ಎಷ್ಟು ಮುಂದೆ ಬಂತು ಎಂಬುದಕ್ಕೆ ಕಡಿಮೆ. ಇಂಗ್ಲಿಷ್ ಹೊಸದಾಗಿ ಕಲಿಯುವ ಮಕ್ಕಳ ಅಂಕಗಳನ್ನು ಮೊದಲು 11 ಸೆಮಿಸ್ಟರ್‌ಗಳ ತನಕ ಬದಿಗಿಡಲು ಅವಕಾಶವಿತ್ತು. ಈಗ ಮೂರೇ ಸೆಮಿಸ್ಟರ್. ವಲಸೆ ಬಂದ ಬಡ ಕುಟುಂಬಗಳ ಮಕ್ಕಳು ಹೆಚ್ಚಿರುವ ಶಾಲೆ ಎಷ್ಟೇ ಚೆನ್ನಾಗಿ ಕಲಿಸಿದರೂ ಕೆಳಗಿನ ಪಟ್ಟಿಗೆ ಬೀಳುವ ಸಾಧ್ಯತೆ ಹೆಚ್ಚು. ರೇಟಿಂಗ್ ಜಾಲತಾಣದಲ್ಲಿ ಹತ್ತಕ್ಕೆ ಒಂಬತ್ತು ಬಂದ ಶಾಲೆಯ ಗಡಿಯೊಳಗೇ ಮನೆ ಬೇಕೆಂದು ಸಾಲ ಮಾಡುವ ನಮ್ಮವರು ಇದನ್ನು ಅರಿತಿರಬೇಕು: ಆ ಒಂಬತ್ತು ಬಹುಮಟ್ಟಿಗೆ ಅಲ್ಲಿನ ಪೋಷಕರ ಆದಾಯ ಮತ್ತು ಓದನ್ನು ಅಳೆಯುತ್ತದೆ. ಗಡಿಗಳೂ ಶಾಶ್ವತವಲ್ಲ. 2024ರಲ್ಲಿ ತಿದ್ದಿದ ನೀತಿಯ ಪ್ರಕಾರ ಇಡೀ ಕೌಂಟಿಯ ಗಡಿಗಳನ್ನು ಐದು ವರ್ಷಕ್ಕೊಮ್ಮೆ ಪರಿಶೀಲಿಸಬೇಕು.

ಭಾರತೀಯ ಕುಟುಂಬಗಳಲ್ಲಿ ಅತಿ ಹೆಚ್ಚು ಚರ್ಚೆಯಾಗುವ ಥಾಮಸ್ ಜೆಫರ್ಸನ್ ವಿಜ್ಞಾನ ಹೈಸ್ಕೂಲ್ ಬಗ್ಗೆ ಎರಡು ಮಾತು ಸಾಕು. 2020ರ ಕೊನೆಯ ತಿಂಗಳುಗಳಲ್ಲಿ ಬೋರ್ಡ್ ಪ್ರವೇಶ ಪರೀಕ್ಷೆ ತೆಗೆದು, ಪ್ರತಿ ಮಿಡ್ಲ್ ಸ್ಕೂಲ್‌ನ ಎಂಟನೇ ತರಗತಿಯ ಶೇ 1.5ರಷ್ಟು ಮಕ್ಕಳಿಗೆ ಸೀಟು ಕಾದಿರಿಸಿತು. ಮೊದಲ ವರ್ಷದಲ್ಲೇ ಏಷ್ಯನ್ ಮೂಲದವರ ಪಾಲು ಸುಮಾರು ಶೇ 73ರಿಂದ 54ಕ್ಕೆ ಇಳಿಯಿತು. ಪೋಷಕರು ಕೋರ್ಟಿಗೆ ಹೋದರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಬೋರ್ಡ್ ಪರ ತೀರ್ಪು ಕೊಟ್ಟಿತು, 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲಿಲ್ಲ. ವರ್ಷಕ್ಕೆ 550 ಸೀಟುಗಳ ಈ ಒಂದು ಶಾಲೆಯ ಬಗ್ಗೆ ಸುರಿದ ಶ್ರಮದ ಸ್ವಲ್ಪ ಪಾಲು 1.8 ಲಕ್ಷ ಮಕ್ಕಳ ಬಜೆಟ್‌ಗೆ ಸಿಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಕಟ್ಟಡಗಳ ಹಣ ಬೇರೆ ದಾರಿಯಲ್ಲಿ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಮತದಾರರ ಮುಂದೆ ಬಾಂಡ್ (ಸಾಲಪತ್ರ) ಪ್ರಸ್ತಾಪ ಇಡುತ್ತಾರೆ: 2021ರಲ್ಲಿ 36 ಕೋಟಿ ಡಾಲರ್, 2023ರಲ್ಲಿ 43.5 ಕೋಟಿ. ಮತದಾರರು ಒಪ್ಪುತ್ತಾರೆ, ಆದರೆ ವರ್ಷಕ್ಕೆ ಎಷ್ಟು ಬಾಂಡ್ ಮಾರಬಹುದು ಎಂಬ ಮಿತಿ ಸೂಪರ್‌ವೈಸರ್‌ಗಳದು. ಹಳೆಯ ಶಾಲೆಗಳ ನವೀಕರಣದ ಸರದಿ ಹತ್ತಾರು ವರ್ಷ ಎಳೆಯುವುದು ಈ ಮಿತಿಯಿಂದ. ಶಾಲಾ ಕಟ್ಟಡಗಳಿಗಾಗಿ ಶೇ 1ರ ಸ್ಥಳೀಯ ಮಾರಾಟ ತೆರಿಗೆಗೆ, ಮತದಾರರ ಒಪ್ಪಿಗೆಯ ಷರತ್ತಿನೊಂದಿಗೆ, ಅವಕಾಶ ಕೊಡುವ ಮಸೂದೆಗಳನ್ನು ಆಗಿನ ಗವರ್ನರ್ ಯಂಗ್‌ಕಿನ್ 2024ರಲ್ಲೂ 2025ರಲ್ಲೂ ತಡೆದರು.

ಫೆಡರಲ್ ಸರ್ಕಾರ ಕೊಡುವುದು ಕಡಿಮೆಯಾದರೂ ಹೇರುವ ಹೊಣೆ ದೊಡ್ಡದು. ವಿಶೇಷ ಶಿಕ್ಷಣಕ್ಕೆ, ಒಬ್ಬ ವಿದ್ಯಾರ್ಥಿಗೆ ದೇಶದ ಸರಾಸರಿ ವೆಚ್ಚ ಎಷ್ಟೋ ಅದರ ಶೇ 40ರವರೆಗೆ ಕೊಡುವುದಾಗಿ 1975ರ ಕಾನೂನು ಹೇಳಿತು, ಎಂದೂ ಕೊಡಲಿಲ್ಲ. ಹಾಗೆಂದು ಮಕ್ಕಳ ಹಕ್ಕು ಕಡಿಮೆಯಾಗುವುದಿಲ್ಲ. ಕೋವಿಡ್ ಕಾಲದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಕೊಡಬೇಕಾದ ಸೇವೆ ಕೊಡಲಿಲ್ಲವೆಂದು ಫೆಡರಲ್ ಶಿಕ್ಷಣ ಇಲಾಖೆ ಕಂಡುಕೊಂಡ ಮೇಲೆ, 2022ರ ನವೆಂಬರ್‌ನಲ್ಲಿ ಫೇರ್‌ಫ್ಯಾಕ್ಸ್ ಅದನ್ನು ಸರಿದೂಗಿಸುವ ಒಪ್ಪಂದಕ್ಕೆ ಬರಬೇಕಾಯಿತು.

ಕರ್ನಾಟಕದಲ್ಲಿ 2001ರ ಸರ್ಕಾರಿ ಆದೇಶದಿಂದ ಬಂದ ಎಸ್‌ಡಿಎಂಸಿಗಳಿವೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು). ಶಿಕ್ಷಕರ ಸಂಬಳ, ನೇಮಕ, ವರ್ಗಾವಣೆ ಎಲ್ಲ ಬೆಂಗಳೂರಿನಿಂದ. ಸಮಿತಿಯ ಕೈಯಲ್ಲಿ ಅಲ್ಪ ಅನುದಾನ. ಅವುಗಳಿಗೆ ಹೆಚ್ಚು ಅಧಿಕಾರ ಕೊಡಿ ಎನ್ನುವವರು ಫೇರ್‌ಫ್ಯಾಕ್ಸ್‌ನಿಂದ ಚುನಾವಣೆಯನ್ನಷ್ಟೇ ಎರವಲು ಪಡೆಯಬಾರದು. ಆಯ್ಕೆಯಾದ ಸಮಿತಿಗೆ ಯಾವ ಆದಾಯ, ಅದಕ್ಕಿಂತ ಕಡಿಮೆಯಾಗದ ಮೊತ್ತ ಎಷ್ಟು, ಅದು ಯಾವ ತಾರೀಖಿನೊಳಗೆ ಕೈಸೇರಬೇಕು ಎಂಬ ಮೂರು ಅಂಶಗಳು ಕಾನೂನಿನಲ್ಲೇ ಬರೆದಿರಬೇಕು. ಅಷ್ಟಿಲ್ಲದಿದ್ದರೆ ಗೆದ್ದವರಿಗೆ ಬರುವುದು ಬೈಗುಳ ಮಾತ್ರ.

ಇಲ್ಲಿನ ಕನ್ನಡಿಗ ಪೋಷಕರಿಗೆ ಒಂದು ಮನವಿ. ಎಚ್-1ಬಿ ವೀಸಾ ಅಥವಾ ಗ್ರೀನ್ ಕಾರ್ಡ್ ಇರುವವರು ಮತ ಹಾಕುವಂತಿಲ್ಲ, ನಿಜ. ಆದರೆ ಬಜೆಟ್ ವಿಚಾರಣೆಯಲ್ಲಿ ಮಾತನಾಡಲು ಪೌರತ್ವ ಬೇಕಿಲ್ಲ. ಮನೆ ಇದ್ದವರು ನೇರವಾಗಿ, ಬಾಡಿಗೆಗಿರುವವರು ಮಾಲೀಕರ ಮೂಲಕ, ತೆರಿಗೆಯನ್ನಂತೂ ಎಲ್ಲರೂ ಕಟ್ಟುತ್ತಿದ್ದೇವೆ. ಸ್ಕೂಲ್ ಬೋರ್ಡ್ ಸಭೆಗೆ ಹೋಗಿ ಹಣ ಕೇಳಿ ಪ್ರಯೋಜನವಿಲ್ಲ, ಅವರೂ ಕೇಳುವವರೇ. ಫೆಬ್ರುವರಿ ಕೊನೆಯಲ್ಲಿ, ತೆರಿಗೆ ದರ ಜಾಹೀರಾಗುವ ಮೊದಲೇ, ನಿಮ್ಮ ಕ್ಷೇತ್ರದ ಸೂಪರ್‌ವೈಸರ್‌ಗೆ ಪತ್ರ ಬರೆಯಿರಿ. ಎಷ್ಟು ಸೆಂಟ್ ಏರಿಕೆಗೆ ನಿಮ್ಮ ಒಪ್ಪಿಗೆ ಇದೆ, ಅದು ಯಾವುದಕ್ಕೆ ಹೋಗಬೇಕು ಎಂದು ಸಂಖ್ಯೆಯಲ್ಲೇ ಹೇಳಿ. ಏಪ್ರಿಲ್ ವಿಚಾರಣೆಗೆ ಕೌಂಟಿ ಬೋರ್ಡ್‌ನ ಕ್ಲರ್ಕ್ ಕಚೇರಿಯಲ್ಲಿ ಮೊದಲೇ ಹೆಸರು ನೋಂದಾಯಿಸಿ. ರಾಜ್ಯದ ಸೂತ್ರ ಬದಲಾಗಬೇಕಾದರೆ ರಾಜಧಾನಿ ರಿಚ್ಮಂಡ್‌ನಲ್ಲಿ ಜನವರಿಯಲ್ಲಿ ಅಧಿವೇಶನ ಶುರುವಾಗುವ ಮೊದಲು, ರಾಜ್ಯ ಶಾಸಕಾಂಗದ ನಿಮ್ಮ ಡೆಲಿಗೇಟ್ ಮತ್ತು ಸೆನೆಟರ್ ಇಬ್ಬರಿಗೂ ಜೆಲಾರ್ಕ್ ವರದಿಯ ಅಂಕಿಗಳನ್ನು ಇಟ್ಟು ಕೇಳಿ.

ಇಂತಿ,
ಒಬ್ಬ ಕನ್ನಡಿಗ ಪೋಷಕ
ಹರ್ನ್‌ಡನ್, ವರ್ಜೀನಿಯಾ